ಮೋಸ ಹೋಗದ ಫಕ್ಕೀರಪ್ಪ ಕಾಕಾ

ಫಕ್ಕೀರಪ್ಪ ಕಾಕಾ ಮನುಷ್ಯರ ಮುಖ ನೋಡುತ್ತಿರಲಿಲ್ಲ, ಹಲ್ಲು ನೋಡುತ್ತಿದ್ದ. ಎತ್ತಿನ ದಲ್ಲಾಳಿ, ದನದ ಸಂತೆಯಲ್ಲಿ ಬಾಯಿ ತೆರೆಸಿ ವಯಸ್ಸು ಹೇಳಿ ರೂಢಿ. ನನ್ನನ್ನು ನೋಡಲು ಬಂದ ವರನಿಗೂ ಚಹಾ ಕೊಡುವ ಮೊದಲೇ, ‘ತಮ್ಮಾ, ಒಂಚೂರು ನಗು ನೋಡೂಣು’ ಅಂದಿದ್ದ. ಆ ವರ ಮತ್ತೆ ಬರಲಿಲ್ಲ. ನನಗೇನೂ ನಷ್ಟವಾಗಲಿಲ್ಲ.

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಮೆಣಸಿನಕಾಯಿ ಬಿಡಿಸಿ ಫೀ ಕಟ್ಟಿದ್ದೇನೆ, ಆ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ. ಬಾಜೂ ಮನೆಯ ಕಾಕಾನಿಗೆ ಅದೇ ತಮಾಷೆ. ‘ಏ ಬಿ.ಎ., ಕಾಲೇಜಿನ್ಯಾಗ ಬರೇ ಪಾಸಾಗೂದ ಕಲಸ್ತಾರ. ಮೋಸ ಹೋಗಲಾರದಂಗ ಬಾಳೂದು ನನ್ನ ಕಡೆ ಕಲಿ. ಈ ಫಕ್ಕೀರಪ್ಪಗ ಟೋಪಿ ಹಾಕಾಂವ ಇನ್ನೂ ಹುಟ್ಟಿಲ್ಲ!’

ಹುಟ್ಟಿದ್ದ. ಕಾಕಾ ತನ್ನ ಎತ್ತಿನ ಜೋಡಿಯ ಫೋಟೋವನ್ನು ಮೊಬೈಲಿನಲ್ಲಿ ಮಾರಾಟಕ್ಕೆ ಹಾಕಿಸಿದ ಮರುದಿನವೇ ಅವನ ಫೋನ್ ಬಂತು. ಮಿಲಿಟರಿಯವನಂತೆ, ಚೌಕಾಸಿ ಇಲ್ಲದೆ ಒಪ್ಪಿದನಂತೆ, ಮುಂಗಡದ ಸಂಚಕಾರ ಕಳಿಸುವ ಮೊದಲು ನೀವೊಂದು ರೂಪಾಯಿ ಹಾಕಿ ಎಂದನಂತೆ. ಸಂತೆಯಲ್ಲಿ ಸಂಚಕಾರ ಹಿಡಿದ ಕೂಡಲೇ ಶಕುನಕ್ಕೆಂದು ಕೊಳ್ಳುವವನ ಕೈಗೆ ಒಂದು ರೂಪಾಯಿ ಇಡುವುದು ಕಾಕಾನ ಪದ್ಧತಿ. ‘ರೀತಿ-ರಿವಾಜು ಗೊತ್ತಿದ್ದ ಮನಷ್ಯಾ ಅದಾನ’ ಎಂದು ಖುಷಿಯಿಂದ ಕಳಿಸಿದ. ಎರಡು ರೂಪಾಯಿ ತಿರುಗಿ ಬಂತು. ನಂಬಿಕೆ ಗಟ್ಟಿಯಾಯಿತು. ಆಮೇಲೆ ಅವನು ಕಳಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಸಂಚಕಾರ ಬರಲೆಂದು ಪಿನ್ ಒತ್ತಿದ. ಹಣ ಬರಲು ಪಿನ್ ಬೇಡ, ಹೋಗಲು ಮಾತ್ರ ಬೇಕು. ಮಗಳ ಬಾಣಂತನಕ್ಕೆ ಇಟ್ಟಿದ್ದೆಲ್ಲ ಹೋಯಿತು.

ನನ್ನ ಕಡೆ ಓಡಿ ಬಂದ. ‘ಈಗಿಂದೀಗ ಸೈಬರ್ ಸಹಾಯವಾಣಿಗೆ ಹೇಳೂಣು ಕಾಕಾ, ರೊಕ್ಕ ಇನ್ನೂ ಅವನ ಖಾತೇದಾಗ ಇದ್ರ ತಡೀತಾರ’ ಎಂದೆ.

‘ಹೇಳೂಣು. ಖರೆ, ಫಕ್ಕೀರಪ್ಪ ಮೋಸ ಹೋದಾ ಅನಬ್ಯಾಡ. ಮೊಬೈಲ್ ಕಳವಾಗೇತಿ ಅನ್ನು.’

‘ಮೊಬೈಲ್ ನಿನ್ನ ಕೈಯಾಗ ಐತಲ್ಲ!’

‘ಹಂಗಾರ ನಮ್ಮಾಕಿ ಒತ್ತಿದ್ಲು ಅನ್ನು.’

ಅವನ ಹೆಂಡತಿ ಕಾಕು ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದಳು. ‘ನಿಮ್ಮ ಮರ್ಯಾದಿ ಹೊತ್ತು ತಿರಗಾಕ ನಾ ಏನ ನಿಮ್ಮ ಎತ್ತೇನ್ರಿ?’ ಎಂದಳು.

ಮರ್ಯಾದೆಗೆ ಹೊಂದುವ ಸುಳ್ಳು ಹುಡುಕುವುದರಲ್ಲೇ ಸಂಜೆಯಾಯಿತು. ಸಹಾಯವಾಣಿಗೆ ಫೋನ್ ಮಾಡುವಷ್ಟರಲ್ಲಿ ಹಣ ಖಾತೆಯಿಂದ ಖಾತೆಗೆ ದಾಟಿ ಹೋಗಿತ್ತು. ಕೊನೆಗೆ ಎತ್ತುಗಳನ್ನು ಸಿಕ್ಕ ಬೆಲೆಗೆ ಮಾರಿ ಬಾಣಂತನ ಮಾಡಿದ. ಸುದ್ದಿ ನಮ್ಮ ಮೂವರಲ್ಲೇ ಉಳಿಯಿತು. ಕಟ್ಟೆಯ ಮೇಲಿನ ಅವನ ಭಾಷಣ ಮಾತ್ರ ನಿಲ್ಲಲಿಲ್ಲ.

ಮುಂದೊಂದು ಬೇಸಿಗೆಯಲ್ಲಿ ಅವನೂ ನಾನೂ ಅಣ್ಣಿಗೇರಿಯಿಂದ ಬರುವ ಬಸ್ಸಿನಲ್ಲಿದ್ದೆವು. ಬೇರೆ ಊರಿನ ಹೆಣ್ಣುಮಗಳೊಬ್ಬಳು ಫೋನಿನಲ್ಲಿ, ‘ಹೌದ್ರಿ ಸರ್, ಎಮ್ಮಿ ಸಂಚಕಾರ ಬರಾಕ ಪಿನ್ ಒತ್ತಬೇಕೇನ್ರಿ?’ ಎನ್ನುತ್ತಿದ್ದಳು. ನಾನು ಏಳುವಷ್ಟರಲ್ಲಿ ಕಾಕಾ ಎದ್ದಿದ್ದ. ಬಸ್ಸಿನ ತುಂಬ ನಮ್ಮೂರಿನವರೇ. ಅರೆಗಳಿಗೆ ಸುತ್ತ ನೋಡಿದ. ಆಮೇಲೆ ಸಂತೆಯ ದನಿಯಲ್ಲಿ ಕೂಗಿದ: ‘ಒತ್ತಬ್ಯಾಡ ಯವ್ವಾ! ನನಗೂ ಹಿಂಗ ಮಾಡಿ ಬೋಳಸ್ಯಾರ! ನನ್ನಂಥಾವನ್ನ ಬಿಟ್ಟಿಲ್ಲಂದ್ರ ನೀ ಯಾವ ಲೆಕ್ಕಬೇ!’

ಬಸ್ಸು ನಕ್ಕಿತು. ಆಕೆ ಫೋನ್ ಇಟ್ಟಳು. ಕಾಕಾ ಕಿಟಕಿಯ ಕಡೆ ತಿರುಗಿ ಕೂತವನು ಊರು ಬರುವವರೆಗೂ ಯಾರನ್ನೂ ನೋಡಲಿಲ್ಲ.

ಆ ಬೇಸಿಗೆಯಲ್ಲೇ ತೀರಿಕೊಂಡ. ಮಣ್ಣಿನ ದಿನ ಆ ಹೆಣ್ಣುಮಗಳೂ ಹಾರ ಹಿಡಿದು ಬಂದಿದ್ದಳು. ಗುರುತು ಸಿಗದೆ ಕಾಕು, ‘ಇವರು ನಿಮಗ ಏನಾಗಬೇಕಬೇ?’ ಎಂದು ಕೇಳಿದಳು.

‘ಏನೂ ಆಗೂದಿಲ್ರಿ,’ ಎಂದಳು ಆಕೆ. ‘ಒಮ್ಮಿ ಬಸ್ಸಿನ್ಯಾಗ ನನ್ನ ಬೈದಿದ್ರು.’