ಹದಿನಾಲ್ಕು ವರ್ಷಕ್ಕೊಂದು ಪತ್ರ

ಕಳಂಬೋಲಿಯ ಉಕ್ಕಿನ ಮಾರುಕಟ್ಟೆಯಲ್ಲಿ ಯಾರ ಗೋದಾಮಿನ ಕ್ರೇನು ಕೆಟ್ಟರೂ ಮೊದಲು ನೆನಪಾಗುವ ಹೆಸರು ವಿಜಯಕುಮಾರನದು. ಅವನು ಕೆಲಸ ಮಾಡುತ್ತಿದ್ದುದು ಅಪ್ಪಾಸಾಹೇಬರ ಗೋದಾಮಿನಲ್ಲಿ. ಅಲ್ಲಿ ಚಾವಣಿಯ ಕೆಳಗೆ ಹಳಿಗಳ ಮೇಲೆ ಓಡಾಡುವ ಮೂರು ಕ್ರೇನುಗಳಿದ್ದವು. ಹದಿನೈದು ಟನ್ನಿನ ತಗಡಿನ ಸುರುಳಿ ಮೇಲೇಳುವಾಗ ಬ್ರೇಕು ಕೂದಲೆಳೆಯಷ್ಟು ಜಾರಿದರೂ ಕೆಳಗೆ ನಿಂತ ಅವನಿಗೆ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಕುಳ್ಳಗಿನ, ಮಾತು ಕಡಿಮೆಯ ಆಳು, ವಯಸ್ಸು ನಲವತ್ತೊಂದು. ಅಪ್ಪ ಅಥಣಿ ಕಡೆಯಿಂದ ಬಂದು ಕಲ್ಯಾಣದ ಬಳಿಯ ವಿಠ್ಠಲವಾಡಿಯಲ್ಲಿ ನೆಲೆಸಿದವರು. ಅವರು ತೀರಿಕೊಂಡ ವರ್ಷ, ಐಟಿಐ ಮುಗಿಸಿ ಚಿಲ್ಲರೆ ಕೆಲಸಗಳಲ್ಲಿ ಅಲೆಯುತ್ತಿದ್ದ ವಿಜಯಕುಮಾರನನ್ನು ಅದೇ ಸೀಮೆಯವರಾದ ಅಪ್ಪಾಸಾಹೇಬರು ಕರೆದು ಕೆಲಸ ಕೊಟ್ಟಿದ್ದರು. ಆ ಉಪಕಾರವನ್ನು ಇವನೂ ಮರೆತಿರಲಿಲ್ಲ, ಅವರೂ ಮರೆತಿರಲಿಲ್ಲ.

ಎರಡು ವರ್ಷದ ಹಿಂದೆ ಹೊರದೇಶದ ಹುಳ ತಲೆಗೆ ಬಿಟ್ಟವನು ವಸಂತಕುಮಾರ. ಪಕ್ಕದ ಗೋದಾಮಿನಲ್ಲಿದ್ದ ಡೊಂಬಿವಿಲಿಯ ಹುಡುಗ, ನ್ಯೂಜಿಲೆಂಡಿನ ಬಂದರೊಂದಕ್ಕೆ ಕೆಲಸಕ್ಕೆ ಹೋದವನು, ಒಂದು ದಿನ ಫೋನು ಮಾಡಿ, "ವಿಜಯಣ್ಣ, ನಿಮ್ಮಂಥ ಕೈ ಇರೋರು ಇಲ್ಲಿ ಸಿಗಲ್ಲ. ನಲವತ್ತೈದು ದಾಟಿದ್ರೆ ಮಾತ್ರ ಯಾರೂ ಕೇಳಲ್ಲ, ಈಗ್ಲೇ ನೋಡಿ" ಎಂದ. ದಿನಾ ಕಲ್ಯಾಣದಿಂದ ಬಸ್ಸು ಹಿಡಿದು, ಶೀಳಫಾಟಾ ಕೂಡುರಸ್ತೆಯ ಟ್ರಾಫಿಕ್ಕಿನಲ್ಲಿ ಲಾರಿಗಳ ನಡುವೆ ಆಯುಷ್ಯ ಸವೆಸುತ್ತಿದ್ದವನಿಗೆ ಆ ಮಾತು ನಾಟಿತು.

ಹೆಂಡತಿ ನೇತ್ರಾ ಬೇಡ ಎನ್ನಲಿಲ್ಲ. ಆದರೆ ಒಂದು ಕರಾರು ಹಾಕಿದಳು. ಅವಳ ಸೋದರಮಾವನ ಮಗ ಚನ್ನು ಕೈಯಲ್ಲಿ ಕೆಲಸವಿಲ್ಲದೆ, ಅಲ್ಲಿಗೆ ಹೋದ ಮೇಲೆ ಹುಡುಕಿಕೊಂಡರಾಯಿತೆಂದು ಪ್ರವಾಸದ ವೀಸಾದಲ್ಲಿ ಕೆನಡಾಕ್ಕೆ ಹೋಗಿ, ಏಳು ತಿಂಗಳಿಗೆ ಬರಿಗೈಯಲ್ಲಿ ಮರಳಿ ಬಂದು, ಒಂದು ತಿಂಗಳು ಮನೆಯ ಹೊಸ್ತಿಲು ದಾಟಿರಲಿಲ್ಲ.

"ನೌಕರಿ ಕೈಯಾಗ ಬರೂತನಾ ನಾ ಒಂದು ಬ್ಯಾಗ್ ಸೈತ ತುಂಬಂಗಿಲ್ಲ ನೋಡ್ರಿ," ಎಂದಳು. "ಮೊದಲು ಕೆಲಸ, ಆಮ್ಯಾಲೆ ಟಿಕೆಟ್."

ಅದು ಸರಿಯಾದ ಮಾತೇ. ಆದರೆ ಇಲ್ಲಿ ಕುಳಿತು ನ್ಯೂಜಿಲೆಂಡಿನ ಕೆಲಸ ಹುಡುಕುವುದು ಗೋಡೆಗೆ ತಲೆ ಗಟ್ಟಿಸಿಕೊಂಡ ಹಾಗಿತ್ತು. ಎರಡು ವರ್ಷದಲ್ಲಿ ಅರವತ್ತಕ್ಕೂ ಹೆಚ್ಚು ಅರ್ಜಿ ಹಾಕಿದ. ಉತ್ತರ ಬರೆದ ಕೆಲವರೂ ಕೇಳಿದ್ದು ಒಂದೇ: ನೀವು ಈಗ ಈ ದೇಶದಲ್ಲಿದ್ದೀರಾ? ಇಲ್ಲ ಎಂದೊಡನೆ ಆ ಕಡೆ ಮೌನ. ಅಲ್ಲಿ ಇಲ್ಲದವನಿಗೆ ಕೆಲಸವಿಲ್ಲ, ಕೆಲಸವಿಲ್ಲದವನಿಗೆ ಅಲ್ಲಿ ಇರಲು ಪರವಾನಗಿಯಿಲ್ಲ.

ಕೊನೆಗೆ ಅಲ್ಲಿಯ ಒಂದು ಕಂಪನಿ ಕರೆಯಿತು. ಬೆಳಿಗ್ಗೆ ಐದೂವರೆಗೆ, ನೀರು ಬರುವ ಹೊತ್ತಿನಲ್ಲಿ, ವಿಡಿಯೋ ಸಂದರ್ಶನ. ನೇತ್ರಾ ನಲ್ಲಿಗೆ ಬಟ್ಟೆ ಕಟ್ಟಿ ಸದ್ದು ಅಡಗಿಸಿದಳು. ಪರದೆಯ ಮೇಲಿನ ನರೆಗಡ್ಡದ ಮನುಷ್ಯ, ಎತ್ತಿದ ಭಾರ ತಾನಾಗಿ ಕೆಳಗಿಳಿಯುತ್ತಿದ್ದರೆ ಮೊದಲು ಏನು ನೋಡುತ್ತೀರಿ ಎಂದು ಕೇಳಿದ. ವಿಜಯಕುಮಾರ ಉರುಹೊಡೆದಿದ್ದ ಇಂಗ್ಲಿಷೆಲ್ಲ ಮಾಯವಾಯಿತು. ಪಕ್ಕದಲ್ಲಿದ್ದ ಲೈಟ್ ಬಿಲ್ಲಿನ ಹಿಂಬದಿಯಲ್ಲಿ ಬ್ರೇಕಿನ ಚಿತ್ರ ಬರೆದು, ಬೆರಳಿಟ್ಟು, ಹರಕುಮುರಕು ಮಾತಿನಲ್ಲಿ ಒಂದೊಂದೇ ಭಾಗ ತೋರಿಸುತ್ತ ಹೋದ. ಆ ಮನುಷ್ಯ ಕುರ್ಚಿಯಲ್ಲಿ ಮುಂದೆ ಬಾಗಿ ಕುಳಿತ. ಎರಡು ದಿನಕ್ಕೆ ಪತ್ರ ಬಂತು: ನಿಮ್ಮನ್ನು ಆರಿಸಿದ್ದೇವೆ, ಕ್ರೇನ್ ಎಲೆಕ್ಟ್ರಿಷಿಯನ್ ಆಗಿ ಕನಿಷ್ಠ ಮೂರು ವರ್ಷ ದುಡಿದ ಬಗ್ಗೆ ಮಾಲಿಕರ ಪತ್ರವನ್ನು ಮೂರು ವಾರದೊಳಗೆ ಕಳಿಸಿ.

ಅಪ್ಪಾಸಾಹೇಬರು ಸುದ್ದಿ ಕೇಳಿ ಸಿಟ್ಟಾಗಲಿಲ್ಲ. ಚಹಾ ತರಿಸಿದರು.

"ನಾ ಯಾಕ ತಡೀಲಿ, ತಮ್ಮಾ? ನಿಮ್ಮಪ್ಪ ಇದ್ದಿದ್ರ ಎಷ್ಟು ಖುಷಿ ಪಡ್ತಿದ್ದ. ಈ ಮೂರನೇ ಕ್ರೇನ್ ಒಂದೀಟು ಸರಿ ಆಗ್ಲಿ, ಬರದು ಕೊಡ್ತೀನಿ."

ಕ್ರೇನು ಸರಿಯಾಯಿತು. ಆಮೇಲೆ ಅವರ ಮಗಳ ಸೀಮಂತ, ಆಮೇಲೆ ಲೆಟರ್‌ಹೆಡ್ ಮುಗಿದಿತ್ತು. ಮೂರನೆಯ ವಾರ ಲಕೋಟೆ ಕೈಗೆ ಬಂತು. ವಿಜಯಕುಮಾರ ಬಸ್ಸಿನಲ್ಲಿ ಒಡೆದು ಓದಿದ. ಹದಿನಾಲ್ಕು ವರ್ಷದಿಂದ ನಮ್ಮಲ್ಲಿ ಹೆಲ್ಪರ್ ಆಗಿ ನಿಷ್ಠೆಯಿಂದ ಕೆಲಸ ಮಾಡುತ್ತಿದ್ದಾನೆ, ಎಂದಿತ್ತು. ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸು ಬಂದ.

"ಕಾಗದದಾಗ ಏನೈತಿ ಅದನ್ನ ಬರದೀನಿ," ಎಂದರು ಅಪ್ಪಾಸಾಹೇಬರು. "ಹೆಲ್ಪರ್ ಅಂತ ನೀನ ಸಹಿ ಮಾಡಿಯಲ್ಲೋ. ನಾ ಸುಳ್ಳು ಬರೀಲೇನು?"

ಸಹಿ ಮಾಡಿದ್ದು ನಿಜ. ಸೇರಿದ ದಿನ, ಈಗ ಹೆಲ್ಪರ್ ಅಂತಿರಲಿ, ಆಮೇಲೆ ಸರಿ ಮಾಡೋಣ ಎಂದಿದ್ದರು. ಆ ಆಮೇಲೆ ಬರಲೇ ಇಲ್ಲ, ಇವನೂ ಕೇಳಲಿಲ್ಲ. ಅನ್ನ ಕೊಟ್ಟವರ ಮುಂದೆ ಹುದ್ದೆಯ ಹೆಸರು ಕೇಳುವುದು ಹೇಗೆ?

ಉಡುಪಿ ಕಡೆಯ ಹಳೆಯ ಗುಮಾಸ್ತ ಪುಂಡರೀಕಾಕ್ಷರು ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಮರುದಿನ ಊಟದ ಹೊತ್ತಿಗೆ ಧೂಳು ಹಿಡಿದ ರಿಜಿಸ್ಟರುಗಳನ್ನು ಮೇಜಿನ ಮೇಲಿಟ್ಟರು. "ಪ್ರತಿ ವರ್ಷ ಕ್ರೇನಿನ ಪರೀಕ್ಷೆ ಆಗ್ತದಲ್ಲ, ಅದರಲ್ಲಿ ಸಹಿ ಯಾರದ್ದು ಮಾರಾಯ್ರೆ? ನಿಮ್ಮದೇ. ಫೋಟೋ ತೆಗೀರಿ. ನಾನು ಕೈ ತೊಳೆದು ಬರ್ತೇನೆ."

ವಿಜಯಕುಮಾರ ನಲವತ್ತಾರು ಪುಟಗಳ ಫೋಟೋ ತೆಗೆದು ಕಂಪನಿಗೆ ಕಳಿಸಿದ. ಹತ್ತು ದಿನಕ್ಕೆ ಉತ್ತರ ಬಂತು. ನಿಮ್ಮ ಕೆಲಸದ ಬಗ್ಗೆ ನಮಗೆ ಸಂಶಯವಿಲ್ಲ. ಆದರೆ ಮಾಲಿಕರ ಪತ್ರವಿಲ್ಲದೆ ವೀಸಾ ಆಗುವುದಿಲ್ಲ. ಜಾಗವನ್ನು ಬೇರೆಯವರಿಗೆ ಕೊಟ್ಟಿದ್ದೇವೆ. ದಾಖಲೆ ಸಿಕ್ಕಾಗ ಮತ್ತೆ ಬರೆಯಿರಿ.

ಅವನು ಅದನ್ನು ಯಾರಿಗೂ ತೋರಿಸಲಿಲ್ಲ. ಒಂದು ವಾರ ಎಂದಿನಂತೆ ಏಣಿ ಹತ್ತಿ ಇಳಿದ. ಕ್ರೇನಿನ ಅಟ್ಟಣೆಯ ಮೇಲೆ ನಿಂತಾಗ ಗೋದಾಮಿನ ನಾಲ್ಕು ಗೋಡೆಗಳೂ ಒಟ್ಟಿಗೇ ಕಾಣುತ್ತಿದ್ದವು. ಮೊದಲೂ ಕಾಣುತ್ತಿದ್ದವು, ಅವನು ನೋಡಿರಲಿಲ್ಲ.

ಸೋಮವಾರ ಮಧ್ಯಾಹ್ನ ಮೂರನೇ ಕ್ರೇನು ಸುರುಳಿಯೊಂದನ್ನು ಆಳೆತ್ತರಕ್ಕೆ ಎತ್ತಿ ನಿಂತುಬಿಟ್ಟಿತು. ಹೊರಗೆ ಆರು ಲಾರಿಗಳು ಸಾಲುಗಟ್ಟಿದ್ದವು. ವಿಜಯಕುಮಾರ ಕೆಳಗಿದ್ದ ಹಮಾಲರನ್ನೆಲ್ಲ ದೂರ ಸರಿಸಿ, ಸುತ್ತ ಹಗ್ಗ ಕಟ್ಟಿ, ಅಪ್ಪಾಸಾಹೇಬರ ಕೋಣೆಗೆ ಹೋದ.

"ಏರಿ ನೋಡೋ, ಏನಾಗೇತಿ," ಎಂದರು ಅವರು.

"ಹೆಲ್ಪರ್ ಆದಂವ ಕ್ರೇನ್ ಏರಿ ಕರೆಂಟಿನ ಕೆಲಸ ಮಾಡಬಾರದ್ರಿ, ಸಾವ್ಕಾರ್ರ. ಬಾಗಲದಾಗ ನೀವ ಬೋರ್ಡ್ ಹಾಕೀರಿ."

ಹದಿನಾಲ್ಕು ವರ್ಷದಲ್ಲಿ ಅವನು ಅವರಿಗೆ ಎದುರಾಡಿದ್ದು ಅದೇ ಮೊದಲು. ಅಪ್ಪಾಸಾಹೇಬರು ಹೊರಗಿನ ಮೆಕ್ಯಾನಿಕ್ಕುಗಳಿಗೆ ಒಬ್ಬೊಬ್ಬರಿಗೇ ಫೋನು ಮಾಡಿದರು. ಎಲ್ಲರೂ, ನಿಮ್ಮಲ್ಲಿ ವಿಜಯ ಇದ್ದಾನಲ್ಲ ಎಂದರು. ಲಾರಿಯವರು ಹಾರ್ನು ಬಾರಿಸತೊಡಗಿದರು. ಎರಡು ತಾಸಾದ ಮೇಲೆ ಅಪ್ಪಾಸಾಹೇಬರು ಪುಂಡರೀಕಾಕ್ಷರನ್ನು ಕರೆದು ಹೊಸ ಪತ್ರ ಟೈಪು ಮಾಡಲು ಹೇಳಿದರು.

"ಹಿಂದಿನ ತಾರೀಖು ಹಾಕಾಕ ಬರಂಗಿಲ್ಲ ನೋಡು, ನನ್ನ ಕುತ್ತಿಗಿಗೆ ಬರತೈತಿ," ಎಂದರು, ಅವನ ಮುಖ ನೋಡದೆ. "ಇವತ್ತಿಂದ ಕ್ರೇನ್ ಎಲೆಕ್ಟ್ರಿಷಿಯನ್. ಆತಿಲ್ಲೋ?"

ವಿಜಯಕುಮಾರ ಪತ್ರವನ್ನು ಎರಡು ಸಲ ಓದಿದ. ಅದಕ್ಕಿಂತ ಹೆಚ್ಚಿನದು ಅವರಿಂದ ಬರುವುದಿಲ್ಲ ಎಂದು ಅವನಿಗೆ ತಿಳಿಯಿತು. ಜೇಬಿಗೆ ಹಾಕಿಕೊಂಡು ಏಣಿ ಹತ್ತಿದ. ಇಪ್ಪತ್ತು ನಿಮಿಷಕ್ಕೆ ಕ್ರೇನು ಓಡಿತು.

ಮನೆಯಲ್ಲಿ ನೇತ್ರಾ ಪತ್ರವನ್ನು ಬೆಳಕಿಗೆ ಹಿಡಿದು ಓದಿದಳು. ಕಂಪನಿಯ ಉತ್ತರವನ್ನೂ ಅವನು ಮೊದಲ ಸಲ ಆಗ ತೋರಿಸಿದ. ಅವಳು ಮಾಲಿಕರ ಪತ್ರದ ತಲೆಯ ಮೇಲೆ ಬೆರಳಿಟ್ಟಳು.

"ಇವತ್ತಿನ ತಾರೀಖು ಐತಲ್ರೀ."

"ಹೂಂ."

"ಅಂದ್ರ ಮೂರು ವರ್ಷ ಆಗೂದ್ರಾಗ ನಿಮಗ ನಲವತ್ನಾಲ್ಕು. ನಲವತ್ತೈದು ಇನ್ನೂ ದಾಟಿರಂಗಿಲ್ಲ."

"ಹೂಂ."

ಅವಳು ಪತ್ರವನ್ನು ಮಡಿಸದೆ, ಪಾಸ್‌ಪೋರ್ಟುಗಳಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಳು. ಎದ್ದು ಅಡುಗೆಮನೆಗೆ ಹೋಗುತ್ತ ಬಾಗಿಲಲ್ಲಿ ನಿಂತು ಕೇಳಿದಳು:

"ನಾಳೆ ಎಷ್ಟಕ್ಕ ಎಬ್ಬಿಸ್ಲಿ?"

"ದಿನದಂಗ," ಎಂದ ವಿಜಯಕುಮಾರ.