ಖಾಲಿ ಹುಳುಮನೆಯ ಟೇಪು

ದೆವ್ವ, ಗಾಳಿ, ಸೋಂಕು ಎಂದವರನ್ನೆಲ್ಲ ಗೇಲಿ ಮಾಡುತ್ತಿದ್ದವನು ನಾನು. ಕೆಲಸವಿಲ್ಲದವರ ಕಣ್ಣಿಗೆ ಬೀಳುವಂಥವು ಅವು ಎನ್ನುತ್ತಿದ್ದೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟು, ಕೊಳ್ಳೇಗಾಲದಲ್ಲಿ ಕುದಿನೀರಿಗೆ ಕೈಯದ್ದಿ ರೇಷ್ಮೆಗೂಡಿನಿಂದ ನೂಲು ಬಿಚ್ಚಿ ಬದುಕಿದವನಿಗೆ ಭ್ರಮೆ ಪಡಲು ಪುರುಸೊತ್ತೆಲ್ಲಿ? ಬೇರೆಯವರ ದೆವ್ವಗಳನ್ನು ಈಗಲೂ ನಂಬುವುದಿಲ್ಲ. ಆದರೆ ಅಗರ ಎಂಬ ಹಳ್ಳಿಯಲ್ಲಿ ಆ ಮಧ್ಯಾಹ್ನ ನನ್ನ ಕಿವಿಗೆ ಬಿದ್ದದ್ದನ್ನು ಸುಳ್ಳು ಎನ್ನಲು ತಯಾರಿಲ್ಲ. ನಗುವುದಾದರೆ ನಗಿ.

ಅದು ಎಪ್ಪತ್ತರ ದಶಕ. ಮೈಸೂರಿನ ವಾದ್ಯಗಾರರೊಬ್ಬರಿಂದ ಹಳೆಯ ಬಾಸ್ ಗಿಟಾರ್ ಕೊಂಡು ನಾನೇ ಕಲಿತಿದ್ದೆ. ನಾಲ್ಕು ದಪ್ಪ ತಂತಿ. ಹಾಡಿನ ಅಡಿಯಲ್ಲಿ ನಿಂತು ಹಾಡನ್ನು ಹೊರುವ ವಾದ್ಯ. ಬಿಸಿನೀರಿಗೆ ಬೆಂದು ಸುಲಿದ ಬೆರಳಿನಿಂದ ಆ ತಂತಿ ಒತ್ತಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಬಿಡಲಿಲ್ಲ. ಮೈಸೂರಿನ ಒಂದು ವಾದ್ಯಗೋಷ್ಠಿಯಲ್ಲಿ ಬಾಸ್ ನುಡಿಸುವವನ ಜಾಗ ಖಾಲಿಯಿದೆ ಎಂದು ತಿಳಿದು ಹೋದೆ. ಅದರ ಯಜಮಾನರು ನನ್ನ ಕೈ ನೋಡಿ, ಅಂಗಿ ನೋಡಿ, "ಮೊದಲು ಟೇಪು ಮಾಡಿ ತನ್ನಿ, ಕೇಳೋಣ" ಎಂದರು. ಎದುರಿಗೇ ನುಡಿಸುತ್ತೇನೆ ಎಂದರೂ ಒಪ್ಪಲಿಲ್ಲ. ಆ ಜಾಗ ಸಿಕ್ಕಿದರೆ ಕುದಿನೀರಿನಿಂದ ಕೈ ತೆಗೆಯಬಹುದಿತ್ತು. ಟೇಪು ತಾನೇ, ಮಾಡಿ ಇವರ ಬಾಯಿ ಮುಚ್ಚಿಸುತ್ತೇನೆ ಎಂದುಕೊಂಡು ಬಸ್ಸು ಹತ್ತಿದೆ.

ರೇಡಿಯೊ ರಿಪೇರಿ ಮಾಡುವ ಗೆಳೆಯ ಸಿದ್ದರಾಜು ಒಂದು ಸ್ಪೂಲ್ ಟೇಪ್‌ರೆಕಾರ್ಡರ್ ಇಟ್ಟಿದ್ದ. ಖಾಲಿ ಸ್ಪೂಲು, ಅಂದರೆ ಟೇಪಿನ ಸುರುಳಿ, ಒಂದೇ ಇತ್ತು. ಇನ್ನೊಂದು ಕೊಳ್ಳಲು ನಮ್ಮಲ್ಲಿ ದುಡ್ಡಿರಲಿಲ್ಲ. ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ನೂಲಿನ ರಾಟೆಗಳ ಗದ್ದಲ. ಅದಕ್ಕೇ ಅಗರದಲ್ಲಿದ್ದ ನನ್ನ ಚಿಕ್ಕವ್ವನ ಹುಳುಮನೆಗೆ ಹೋದೆವು. ದಪ್ಪ ಮಣ್ಣಿನ ಗೋಡೆ, ಕಿಟಕಿಗೆ ಗೋಣಿತಾಟು. ಹೊರಗಿನ ಸದ್ದು ಒಳಗೆ ಬರುವುದಿಲ್ಲ. ರೇಷ್ಮೆಹುಳು ಇರುವಾಗ ಕಾಲು ತೊಳೆಯದವರನ್ನು ಹೊಸಿಲು ದಾಟಿಸದ ಚಿಕ್ಕವ್ವ ಅಂದು, "ಓಗ್ರಪ್ಪ, ಚಪ್ಲಿ ಮೆಟ್ಕಂಡೇ ಓಗಿ. ಇನ್ನೇನ್ ಮಡಿ ಅದ್ಕೆ" ಎಂದಳು.

ಅವಳ ಬೆಳೆ ಸುಣ್ಣಕಟ್ಟು ರೋಗಕ್ಕೆ ಹೋಗಿತ್ತು. ಹುಳು ಮೇವು ಬಿಟ್ಟು ಪೊರೆ ಕಳಚುವುದನ್ನು ನಮ್ಮ ಕಡೆ ಜ್ವರ ಎನ್ನುತ್ತೇವೆ. ಕೊನೆಯ ಜ್ವರಕ್ಕೆ ಕೂತ ಹುಳುಗಳು ಏಳಲೇ ಇಲ್ಲ, ಸೀಮೆಸುಣ್ಣದ ಕಡ್ಡಿಯಂತೆ ಬಿಳಿಚಿ ಸೆಟೆದುಕೊಂಡಿದ್ದವು. ಎಲ್ಲವನ್ನೂ ಸುಟ್ಟು, ಬಿದಿರು ತಟ್ಟೆಗಳನ್ನು ತೊಳೆದು ಅಂಗಳದ ಬಿಸಿಲಿಗೆ ಹಾಕಿದ್ದಳು. ಒಳಗೆ ಒಂದು ಹಿಪ್ಪುನೇರಳೆ ಎಲೆಯೂ ಇರಲಿಲ್ಲ.

ಸದ್ದು ಜೋರಾಗಲೆಂದು ಗಿಟಾರಿನ ವೈರನ್ನು ಸಿದ್ದರಾಜು ತಂದಿದ್ದ ರೇಡಿಯೊಗೆ ಕೊಟ್ಟು, ರೇಡಿಯೊ ಮುಂದೆ ಮೈಕು ಇಟ್ಟೆವು. ಅಂದು ನುಡಿಸಿದಷ್ಟು ಚೆನ್ನಾಗಿ ಮತ್ತೆಂದೂ ನುಡಿಸಿಲ್ಲ. ಜಂಬ ಎಂದರೆ ಅನ್ನಿ. ಟೇಪು ಹಿಂದಕ್ಕೆ ಸುತ್ತಿ ಕೇಳಿದರೆ, ಬಾಸಿನ ಹಿಂದೆ ಇನ್ನೊಂದು ಸದ್ದು. ಎಲೆಗಳ ಮೇಲೆ ಸಣ್ಣ ಮಳೆ ಹುಯ್ಯುವಂತೆ, ಬಿಡದೆ.

"ಮಿಷನ್ ಸದ್ದು ಕಣ್ಲಾ" ಎಂದ ಸಿದ್ದರಾಜು, ಮಿಷನ್ನಿನ ಒಳಗನ್ನೆಲ್ಲ ಒರೆಸಿದ. ಮೈಕನ್ನು ಜಗಲಿಗೆ ತಂದು ಟೇಪಿನ ಕೊನೆಯಲ್ಲಿ ಉಳಿದಿದ್ದ ಚೂರು ಜಾಗದಲ್ಲಿ ಸ್ವಲ್ಪ ಸದ್ದು ಹಿಡಿದ. ಕಾಗೆ ಕೂಗಿದ್ದು ಬಂತು, ಆ ಸದ್ದು ಇಲ್ಲ. ಒಳಗೆ ತಂದರೆ, ಇದೆ. ರೇಡಿಯೊ ಆರಿಸಿ ಬರೀ ಮೈಕು ಇಟ್ಟರೂ ಇದೆ. ನಮ್ಮ ಬರಿಗಿವಿಗೆ ಮಾತ್ರ ಅಲ್ಲಿ ಏನೂ ಕೇಳುತ್ತಿರಲಿಲ್ಲ.

"ಇಲಿ ಇರ್ಬೇಕು" ಎಂದ ಸಿದ್ದರಾಜು.

"ಇಲಿ ಇಂಗೆ ಒಂದೇ ಸಮ್ಕೆ ತಿಂದದೇನ್ಲಾ?" ಎಂದೆ. ಅವನು ಟೇಪನ್ನು ಮೊದಲಿಂದ ಮತ್ತೆ ಹಾಕಿದ.

ಮಜ್ಜಿಗೆ ತಂದ ಚಿಕ್ಕವ್ವ ಬಾಗಿಲಲ್ಲೇ ನಿಂತುಬಿಟ್ಟಳು. "ಉಳ ಮೇಯ್ತಾ ಅವೆ" ಎಂದಳು. ಚೊಂಬು ಕೆಳಗಿಟ್ಟು, ಹಿತ್ತಲಿಗೆ ಹೋಗಿ ಕಾಲು ತೊಳೆದುಕೊಂಡು ಬಂದಳು. "ಚಪ್ಲಿ ಆಚ್ಗೆ ಬುಡ್ರೋ" ಎಂದು ನಮ್ಮನ್ನು ಗದರಿಸಿ, ಟೇಪಿನ ಮುಂದೆ ಕೂತಳು. "ಕೊನೇ ಜ್ವರ ಎದ್ದ ಉಳ ಇಂಗೇ ಮೇಯೋದು. ಈ ಸದ್ ಕೇಳಕ್ಕೇ ಕಣ್ಲಾ ನಾನು ನಿದ್ದೆಗೆಟ್ಟಿದ್ದು."

ಮುಗಿಯುವವರೆಗೂ ಕೇಳಿದಳು. ಸಿದ್ದರಾಜು ಮೆಲ್ಲಗೆ, "ಚಿಕ್ಕವ್ವ, ಇದ್ನ ಅಳಿಸ್ಬುಟ್ಟು ಜಗಲಿ ಮ್ಯಾಲೆ ಇನ್ನೊಂದ್ ದಪ ಇಡೀತೀವಿ. ಇವನ್ ಕೆಲ್ಸುದ್ ಮಾತು" ಎಂದ.

"ನಿಮ್ ಮಿಷನ್ನು, ನಿಮ್ ಟೇಪು. ನಾ ಏನೇಳ್ಲಿ?" ಎಂದಳು. ಬೇಡ ಎಂದು ಒಂದು ಮಾತು ಅಂದಿದ್ದರೆ ವಾದ ಮಾಡುತ್ತಿದ್ದೆನೇನೋ. ಅನ್ನಲಿಲ್ಲ.

"ಅಳಿಸಕ್ಕಿಲ್ಲ. ಇಂಗೇ ಕೇಳ್ಲಿ ಅವ್ರು" ಎಂದೆ.

"ಸಾಯೋಗಂಟ ನೂಲು ಬಿಚ್ಕಂಡಿರು ಅಂಗಾರೆ" ಎಂದು ಬೈದ ಸಿದ್ದರಾಜು.

ಮೈಸೂರಿನಲ್ಲಿ ಯಜಮಾನರು ಅರ್ಧ ಕೇಳಿ, "ಕೈ ಚೆನ್ನಾಗಿದೆ. ಮಳೇಲಿ ಕೂತು ಯಾಕ್ರೀ ಮಾಡಿದ್ರಿ? ಅಳಿಸಿ ಇನ್ನೊಂದು ಸಲ ಮಾಡ್ಕೊಂಡು ಬನ್ನಿ, ಜಾಗ ನಿಮ್ಮದೇ" ಎಂದರು.

"ಅದು ಮಳೆ ಅಲ್ಲ ಸಾ. ಅಳಿಸೋದೂ ಇಲ್ಲ. ನನ್ ಬಾಸ್ ಕೇಳ್ತಾ ಅದಲ್ಲ, ಅಷ್ಟು ಸಾಲ್ದಾ? ಇಲ್ದಿದ್ರೆ ಈಗ್ಲೇ ಇಲ್ಲೇ ನುಡಿಸ್ತೀನಿ."

"ಶುರುವಿಗೇ ಇಷ್ಟು ಹಟ ಮಾಡೋರು ನಮಗೆ ಬೇಡಪ್ಪ" ಎಂದು ಸ್ಪೂಲನ್ನು ನನ್ನ ಕಡೆ ತಳ್ಳಿದರು. ಎತ್ತಿಕೊಂಡು ಬಂದೆ. ಮುಂದೆ ಬಹಳ ಕಾಲ ಕುದಿನೀರಿನಲ್ಲೇ ಕೈ ಬೇಯಿಸಿಕೊಂಡೆ. ಆಮೇಲೆ ಹನೂರಿನ ಕಡೆಯ ಮದುವೆಗಳಲ್ಲಿ ನುಡಿಸಿದೆ. ಅಲ್ಲಿಯವರು ಟೇಪು ಕೇಳಲಿಲ್ಲ, ಕೈ ನೋಡಿದರು.

ತಿಳಿದವರಿಗೆ ಟೇಪು ಕೇಳಿಸಿದ್ದೇನೆ. ಕರೆಂಟಿನ ದೋಷ ಎಂದವರಿದ್ದಾರೆ, ಸ್ಪೂಲು ಹಳತು ಎಂದವರಿದ್ದಾರೆ. ಹಾಗಾದರೆ ಜಗಲಿಯಲ್ಲಿ ಯಾಕೆ ಬರಲಿಲ್ಲ ಎಂದರೆ, ಟೇಪನ್ನು ಇನ್ನೊಮ್ಮೆ ಹಾಕು ಎನ್ನುತ್ತಾರೆ. ಈಗೀಗ ಟೇಪಿನಲ್ಲಿ ಬಾಸ್ ಮಸುಕಾಗುತ್ತಿದೆ. ಮೇಯುವ ಸದ್ದು ಅಂದಿನಷ್ಟೇ ನಿಚ್ಚಳ. ನನ್ನ ಬಾಸ್ ಪೂರ್ತಿ ಅಳಿದುಹೋದರೂ ಸರಿ, ಅದರ ಮೇಲೆ ಬೇರೆ ಏನನ್ನೂ ಹಿಡಿಯಲು ಬಿಡುವುದಿಲ್ಲ.