ಮಜ್ಜಿಗೆ ಅನ್ನದೊಳಗಿನ ಬೆಣ್ಣೆ

ಆ ಮಜ್ಜಿಗೆ ಅನ್ನದಲ್ಲಿ ಬೆಣ್ಣೆ ಇತ್ತು, ಚೈತ್ರಾ. ಒಂದು ದಿನ ಅಲ್ಲ, ಕೈ ತಪ್ಪಿ ಬಿದ್ದದ್ದೂ ಅಲ್ಲ — ಮೊದಲ ಕೆಲವು ದಿನ ಬಿಟ್ಟರೆ, ನೀನು ನನ್ನ ಕೈತುತ್ತು ತಿಂದ ಅಷ್ಟೂ ದಿನ ಇತ್ತು. ಬರೀ ನೀರು ಮಜ್ಜಿಗೆ ಎಂದು ನಿನಗೆ ಹೇಳಿ, ಕೆನೆಮೊಸರು ಕಲಸಿ, ಬೆಣ್ಣೆಯನ್ನು ಬಿಸಿ ಅನ್ನದಲ್ಲಿ ಕರಗಿಸಿ ಕೊಟ್ಟೆ. ನಿನ್ನ ಕಣ್ಣೆದುರೇ ಕೊಬ್ಬಿಲ್ಲದ ಮೊಸರಿನ ಡಬ್ಬಿ ತೆರೆಯುತ್ತಿದ್ದೆ. ನೀನು ನಡುಮನೆಗೆ ಹೋದ ಮೇಲೆ ಅದನ್ನು ನಿಮ್ಮಪ್ಪನ ಬಟ್ಟಲಿಗೆ ಸುರಿದು, ಖಾಲಿ ಡಬ್ಬಿಯನ್ನು ನಿನಗೆ ಕಾಣುವ ಹಾಗೆ ಸಿಂಕಿನ ಪಕ್ಕ ಇಡುತ್ತಿದ್ದೆ. ಪಾಪ, ಅವರು ತಿಂಗಳುಗಟ್ಟಲೆ ಆ ನೀರುನೀರು ಮೊಸರು ತಿಂದು, ಹಾಲಿನವನು ಮೋಸ ಮಾಡುತ್ತಿದ್ದಾನೆ ಎಂದುಕೊಂಡಿದ್ದರು. ಮೋಸ ಮಾಡುತ್ತಿದ್ದವಳು ಅಡುಗೆಮನೆಯಲ್ಲೇ ಇದ್ದಳು.

ಇಷ್ಟನ್ನೇ ಹೇಳಿದರೆ ನೀನು ನಕ್ಕು ಬಿಟ್ಟುಬಿಡಬಹುದು. ಯಾವ ತಾಯಿ ಬೆಣ್ಣೆ ಹಾಕುವುದಿಲ್ಲ — ನಾನೂ ಹಾಗೆಯೇ ಸಮಾಧಾನ ಮಾಡಿಕೊಂಡೆ, ಎಷ್ಟೋ ವರ್ಷ. ಆದರೆ ಬೆಣ್ಣೆ ಹಾಕಿದ್ದು ಅರ್ಧ ತಪ್ಪು. ಇನ್ನರ್ಧವನ್ನು ಹೇಳಲಿಕ್ಕೆ ನಾಲಿಗೆ ಏಳಲೇ ಇಲ್ಲ.

ನಿನಗೆ ದೊಡ್ಡನೆಕ್ಕುಂದಿಯ ಕಂಪನಿಯಲ್ಲಿ ಕೆಲಸ ಸಿಕ್ಕ ವರ್ಷ ಅದು. ನಿಮ್ಮಪ್ಪನ ವಿಮೆ ಆಫೀಸಿನವರೇ ತುಂಬಿದ್ದ ನಮ್ಮ ಕಾಲೋನಿಯಲ್ಲಿ ನಿನ್ನ ಡಬ್ಬಿಯಷ್ಟು ಮುತುವರ್ಜಿಯಿಂದ ತುಂಬಿದ ಡಬ್ಬಿ ಇನ್ನೊಂದಿರಲಿಲ್ಲ ಎಂದು ನನಗೆ ಜಂಬ. ಅದು ಸಂಜೆ ತೊಳೆದಿಟ್ಟಷ್ಟು ಖಾಲಿಯಾಗಿ ಬರುತ್ತಿತ್ತು. ಊಟ ಆಯ್ತಾ ಎಂದರೆ ನೀನು ಆಯ್ತಮ್ಮ ಅನ್ನುತ್ತಿದ್ದೆ. ನಿನ್ನ ಕೆನ್ನೆ ಒಳಗೆ ಹೋಗುತ್ತಿತ್ತು, ಚೂಡಿದಾರ ಹೆಗಲಿನಿಂದ ಜಾರುತ್ತಿತ್ತು. ಕೆಲಸದ ಸುಸ್ತು ಎಂದುಕೊಂಡೆ. ಒಂದು ದಿನ ನಿನ್ನ ಪಕ್ಕದ ಸೀಟಿನ ಹುಡುಗಿ ಮನೆಗೆ ಬಂದವಳು, ಆಂಟಿ, ನಿಮ್ಮ ಬಿಸಿಬೇಳೆಬಾತು ಅಂದರೆ ನಮ್ಮ ಟೀಮಿಗೆಲ್ಲ ಪ್ರಾಣ ಎಂದು ಹೊಗಳಿದಳು. ಹಿಗ್ಗಿ ಹೀರೆಕಾಯಿಯಾಗಿ, ಚೈತ್ರಾ ಏನು ತಿನ್ನುತ್ತಾಳೆ ಎಂದು ಕೇಳಿದೆ. ಅವಳು ನಿನ್ನ ಮುಖ ನೋಡಿ ಮಾತು ಬದಲಿಸಿದಳು.

ಆಮೇಲೆ ಕಾಕ್ಸ್ ಟೌನಿನ ಆ ಕ್ಲಿನಿಕ್ಕು. ಡಾಕ್ಟರು ಹೇಳಿದ್ದು ಸರಳವಾಗಿತ್ತು: ಇವಳಿಗೆ ಊಟವೇ ಔಷಧಿ, ಹಸಿವಾಗಲಿ ಬಿಡಲಿ, ಹೊತ್ತುಹೊತ್ತಿಗೆ ತಿನ್ನಬೇಕು, ದಿನಕ್ಕೆ ಮೈಗೆ ಎಷ್ಟು ಬೇಕೋ ಅಷ್ಟು ಒಳಗೆ ಹೋಗಲೇಬೇಕು. ಸರಳವಾದದ್ದೇ ಮನೆಯಲ್ಲಿ ಬೆಟ್ಟವಾಯಿತು. ತಟ್ಟೆ ಎದುರಿಗಿಟ್ಟರೆ ನೀನು ಅದನ್ನೇ ನೋಡುತ್ತಾ ಕೂರುತ್ತಿದ್ದೆ, ಅನ್ನ ಆರಿ ಅಗುಳು ಗಟ್ಟಿಯಾಗುವವರೆಗೆ. ನಾನು ಬೈದೆ. ಕಣ್ಣೀರಿಟ್ಟೆ. ಈ ಮನೆಯಲ್ಲಿ ಅನ್ನಕ್ಕೆ ಇಷ್ಟು ಅವಮಾನ ಯಾರೂ ಮಾಡಿರಲಿಲ್ಲ ಅಂತಲೂ ಅಂದೆ. ನೀನು ಬೇಕೆಂದು ಮಾಡುತ್ತಿರಲಿಲ್ಲ. ನಿನಗೆ ನಿಜಕ್ಕೂ ಭಯವಾಗುತ್ತಿತ್ತು.

ಒಂದು ಮಧ್ಯಾಹ್ನ ಏನೂ ತೋಚದೆ ಪಾತ್ರೆಯಲ್ಲೇ ಮಜ್ಜಿಗೆ ಅನ್ನ ಕಲಸಿಕೊಂಡು ನಿನ್ನ ಪಕ್ಕ ನೆಲದ ಮೇಲೆ ಕೂತೆ. ಚಿಕ್ಕವಳಿದ್ದಾಗ ನಿನಗೂ ಜಯಂತಿ ಚಿಕ್ಕಮ್ಮನ ಮಗಳು ಸ್ಮಿತಾಗೂ ಕೊಡುತ್ತಿದ್ದ ಹಾಗೆ ಒಂದು ತುತ್ತು ಉಂಡೆ ಕಟ್ಟಿ, ಏನೂ ಹೇಳದೆ ಮುಂದೆ ಹಿಡಿದೆ. ನೀನು ಅಂಗೈ ಚಾಚಿದೆ. ತಟ್ಟೆ ಇಲ್ಲ, ಅಳತೆ ಇಲ್ಲ, ಮುಂದೆ ಎಷ್ಟಿದೆ ಎಂದು ಕಾಣುವುದಿಲ್ಲ — ಒಂದು ತುತ್ತು, ಆಮೇಲೆ ಇನ್ನೊಂದು. ಅವತ್ತು ನಾನು ಬಚ್ಚಲಿಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಮರುದಿನ ಜಯಂತಿಗೆ ಫೋನು ಮಾಡಿ, ಯಾವ ಡಾಕ್ಟರ ಕೈಲೂ ಆಗಲಿಲ್ಲ, ನನ್ನ ಕೈಯಿಂದ ಮಾತ್ರ ತಿನ್ನುತ್ತಾಳೆ ಎಂದು ಕೊಚ್ಚಿಕೊಂಡೆ. ಆ ಜಂಬವೇ ಮುಂದಿನದಕ್ಕೆಲ್ಲ ಮೂಲ.

ಕ್ಲಿನಿಕ್ಕಿನ ಡಯಟಿಷಿಯನ್ ಹುಡುಗಿಗೆ ಕೈತುತ್ತಿನ ಸಂಗತಿ ಹೇಳಿದೆ. ಖುಷಿಪಟ್ಟಳು, ನಿಧಾನವಾಗಿ ತಟ್ಟೆಗೆ ಬರೋಣ ಎಂದಳು. ನೀನು ಹೊರಗೆ ಹೋದ ಮೇಲೆ ನನ್ನನ್ನು ನಿಲ್ಲಿಸಿ ಹೇಳಿದಳು: "ಆಂಟಿ, ಅವ್ರಿಗೆ ಗೊತ್ತಿಲ್ದೆ ಊಟದಲ್ಲಿ ಏನೂ ಸೇರಿಸ್ಬೇಡಿ. ಲೇಟ್ ಆದ್ರೂ ಪರ್ವಾಗಿಲ್ಲ, ಗೊತ್ತಿದ್ದು ತಿನ್ಲಿ." ನಾನು ಆಯ್ತಮ್ಮ ಎಂದು ತಲೆಯಾಡಿಸಿದೆ. ಮನಸ್ಸಿನಲ್ಲಿ, ಎಷ್ಟು ಮಕ್ಕಳನ್ನು ಹೆತ್ತಿದ್ದಾಳೆ ಇವಳು, ನನಗೆ ಊಟ ಹಾಕುವುದನ್ನು ಹೇಳಿಕೊಡಲಿಕ್ಕೆ ಎಂದುಕೊಂಡೆ. ಮನೆಗೆ ಬರುವ ದಾರಿಯಲ್ಲೇ ಬೆಣ್ಣೆ ಕೊಂಡೆ. ಬ್ರೆಡ್ಡಿಗೆ ಎಂದು ನಿನಗೆ ಹೇಳಿದೆ.

ತೂಕ ಏರಿತು. ಡಾಕ್ಟರು ನಕ್ಕರು, ನಿಮ್ಮಪ್ಪ ದೇವರ ಮುಂದೆ ತುಪ್ಪದ ದೀಪ ಹಚ್ಚಿದರು. ನೀನು ಮಾತ್ರ ಆಟೋದಲ್ಲಿ ಹಲಸೂರಿನವರೆಗೂ ಹೊರಗೇ ನೋಡುತ್ತಾ ಕೂತಿದ್ದೆ. ಕೆರೆಯ ಪಕ್ಕದ ಸಿಗ್ನಲ್ಲಿನಲ್ಲಿ ಆಟೋ ನಿಂತಾಗ, ನನ್ನ ಕಡೆ ತಿರುಗದೆಯೇ ಹೇಳಿದೆ:

"ಬರೀ ನೀರು ಮಜ್ಜಿಗೆ ಅನ್ನಕ್ಕೇ ಇಷ್ಟು ಏರತ್ತೆ ಅಂದ್ರೆ, ನನ್ ಮೈಯೇ ಸರಿ ಇಲ್ಲಮ್ಮ. ಎಲ್ರ ಥರ ಅಲ್ಲ ಇದು. ನಾನು ಹೆದರ್ತಿದ್ದಿದ್ದು ನಿಜಾನೇ."

ಆ ಸಿಗ್ನಲ್ಲು ಹಸಿರಾಗಲು ಬೇಕಾದಷ್ಟು ಹೊತ್ತು ಹಿಡಿಯಿತು. ಹೇಳಬಹುದಿತ್ತು. ಪುಟ್ಟಿ, ಅದರಲ್ಲಿ ಬೆಣ್ಣೆ ಇದೆ, ಕೆನೆ ಇದೆ, ನಿನ್ನ ಮೈ ಸರಿಯಾಗಿಯೇ ಇದೆ — ಅಷ್ಟೇ ಮಾತು. ಹೇಳಿದರೆ ನೀನು ಇನ್ನೆಂದೂ ನನ್ನ ಕೈಯಿಂದ ತಿನ್ನುವುದಿಲ್ಲ ಎಂದು ಹೆದರಿದೆ. ಇಲ್ಲ — ಇಲ್ಲಿಯೂ ಚೆಂದ ಮಾಡಿ ಹೇಳುತ್ತಿದ್ದೇನೆ. ನೀನು ತಿನ್ನುವುದಿಲ್ಲ ಎನ್ನುವುದಕ್ಕಿಂತ, ನನ್ನ ಕೈಯಿಂದ ಮಾತ್ರ ತಿನ್ನುವ ಮಗಳು ನನಗೆ ಇಲ್ಲದೆ ಹೋಗುತ್ತಾಳೆ ಎಂದು ಹೆದರಿದೆ. "ನೀರಿನ ತೂಕ ಇರತ್ತೆ ಬಿಡು," ಎಂದೆ.

ಮರುದಿನದಿಂದ ನೀನು ತುತ್ತು ಕಡಿಮೆ ಮಾಡಿದೆ. ಆಗ ನಾನೇನು ಮಾಡಬೇಕಿತ್ತು? ನಾನು ಬೆಣ್ಣೆ ಹೆಚ್ಚು ಹಾಕಿದೆ. ನೀನು ಕಡಿಮೆ ತಿಂದಷ್ಟೂ ನಾನು ಹೆಚ್ಚು ಬೆರೆಸಿದೆ. ತೂಕ ಇಳಿಯದಿದ್ದಾಗ ನೀನು ಇನ್ನಷ್ಟು ಹೆದರಿದೆ. ಎದುರು ಬದುರು ಕೂತು ತಾಯಿ ಮಗಳು ಹೀಗೊಂದು ಜಿದ್ದು ನಡೆಸಿದೆವು, ಅದು ಜಿದ್ದು ಎನ್ನುವುದು ನಿನಗೆ ಗೊತ್ತೇ ಇರಲಿಲ್ಲ. ಕೊನೆಗೊಂದು ದಿನ ನೀನು ಅಂಗೈಯನ್ನು ಮಡಿಲಿನಿಂದ ಎತ್ತಲಿಲ್ಲ. ನಾಳೆ ತಿಂತೀನಮ್ಮ ಅಂದೆ. ಆ ನಾಳೆ ಬರಲಿಲ್ಲ; ಕೆಲವೇ ವಾರಗಳಲ್ಲಿ ಏರಿದ್ದೆಲ್ಲ ಇಳಿದುಹೋಯಿತು. ಸ್ನಾನದ ಮನೆಯ ಬಾಗಿಲಲ್ಲಿ ಬಿದ್ದ ನಿನ್ನನ್ನು ನಿಮ್ಮಪ್ಪ ಒಬ್ಬರೇ ಎತ್ತಿಕೊಂಡು ಮೆಟ್ಟಿಲಿಳಿದರು. ಅವರ ಆ ವಯಸ್ಸಿನಲ್ಲಿ ಒಬ್ಬರೇ ಎತ್ತಲು ಸಾಧ್ಯವಾಯಿತು, ಅಷ್ಟು ಹಗುರವಾಗಿದ್ದೆ ನೀನು.

ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರು ನಿನ್ನ ಮಂಚದ ಪಕ್ಕವೇ ನಿಂತು ನನ್ನನ್ನು ಕೇಳಿದರು: ಮನೆಯಲ್ಲಿ ನಿಜವಾಗಿ ಏನು ತಿನ್ನುತ್ತಿದ್ದಳು, ಏನಾದರೂ ಬೇರೆ ಕೊಡುತ್ತಿದ್ದಿರಾ? ನಿನ್ನ ಕಣ್ಣು ತೆರೆದಿತ್ತು. "ಇಲ್ಲ ಡಾಕ್ಟ್ರೇ, ಬರೀ ಮಜ್ಜಿಗೆ ಅನ್ನ," ಎಂದೆ. ನೀನು ದಿಂಬಿನ ಮೇಲೆ ಮೆಲ್ಲಗೆ ತಲೆಯಾಡಿಸಿದೆ — ನೋಡಿ, ನಾನು ಹೇಳಿದರೆ ನಂಬಲಿಲ್ಲ, ಈಗ ಅಮ್ಮಾನೇ ಹೇಳ್ತಿದ್ದಾರೆ ಎನ್ನುವ ಹಾಗೆ. ನಿನ್ನ ಭಯಕ್ಕೆ ಅಲ್ಲಿಯವರೆಗೆ ಸಾಕ್ಷಿ ಇರಲಿಲ್ಲ. ಸಾಕ್ಷಿ ಹೇಳಿದವಳು ನಾನು.

ನೀನು ಬದುಕಿದೆ. ಅದಕ್ಕೆ ನಾನು ಕಾರಣಳಲ್ಲ. ಆ ಆಸ್ಪತ್ರೆಯವರು, ಮತ್ತೆ ನೀನೇ. ನೀನು ಕೆಲಸಕ್ಕೆ ಮರಳಿದೆ, ಗೆಳತಿಯ ಜೊತೆ ಕೆ.ಆರ್. ಪುರದಲ್ಲಿ ಮನೆ ಮಾಡಿದೆ. ಫೋನಿನಲ್ಲಿ ಊಟ ಆಯ್ತಾ ಎಂದು ಕೇಳುವುದನ್ನು ನಾನು ಬಿಟ್ಟೆ. ಎಲ್ಲ ಸರಿಹೋಯಿತು ಎಂದು ನಂಬುವುದು ನನಗೆ ಅನುಕೂಲವಾಗಿತ್ತು.

ಹೋದ ತಿಂಗಳು ಸ್ಮಿತಾಳ ಸೀಮಂತದಲ್ಲಿ ನಿನ್ನನ್ನು ಎಷ್ಟೋ ದಿನದ ಮೇಲೆ ಊಟದ ಪಂಕ್ತಿಯಲ್ಲಿ ನೋಡಿದೆ. ಬಳೆ ತೊಡಿಸುವವಳು ನಿನಗೆ ಮಕ್ಕಳ ಅಳತೆಯ ಬಳೆ ಹುಡುಕುತ್ತಿದ್ದಳು. ಎಲೆಗೆ ಎರಡನೇ ಸಲ ಅನ್ನ ಬಂದಾಗ ನೀನು ಕೈ ಅಡ್ಡ ಹಿಡಿದೆ. ಸ್ಮಿತಾ ರೇಗಿಸಿದಳು, ಇದೇನೇ ಗುಬ್ಬಚ್ಚಿ ಊಟ ಎಂದು. ನೀನು ನಗುತ್ತಲೇ ಹೇಳಿದೆ: "ನಂದು ಬೇರೆ ಥರದ ಮೈ ಕಣೇ. ನೀರು ಮಜ್ಜಿಗೆ ಅನ್ನ ತಿಂದ್ರೂ ತೂಕ ಏರತ್ತೆ. ಬೇಕಾದ್ರೆ ಅಮ್ಮನ್ನ ಕೇಳು."

ಎಲ್ಲರೂ ನನ್ನ ಕಡೆ ನೋಡಿದರು. ನೀನೂ ನೋಡಿದೆ, ಎಷ್ಟು ನಂಬಿಕೆಯಿಂದ! ನಾನು ಹೌದು ಎಂದೆ. ಸೌಟು ಹಿಡಿದವರು ಮುಂದಿನ ಎಲೆಗೆ ಹೋದರು.

ಅಂದಿನಿಂದ ನನಗೆ ಅನ್ನ ಇಳಿಯುತ್ತಿಲ್ಲ ಎಂದು ಹೇಳಿದರೆ ಅದು ನಾಟಕವಾಗುತ್ತದೆ. ಇಳಿಯುತ್ತಿದೆ, ಹೊತ್ತುಹೊತ್ತಿಗೆ ಉಣ್ಣುತ್ತಿದ್ದೇನೆ. ಅದೇ ನಾಚಿಕೆ. ಇಷ್ಟು ವರ್ಷ ನೀನು ಪ್ರತಿ ತಟ್ಟೆಯ ಮುಂದೆ ಕೂತು ನನ್ನ ಸುಳ್ಳನ್ನೇ ಅಳತೆಗೋಲು ಮಾಡಿಕೊಂಡು ಅರ್ಧಕ್ಕೇ ಕೈ ತೊಳೆದಿದ್ದೀಯ. ಎಷ್ಟು ಹಬ್ಬ, ಎಷ್ಟು ಮದುವೆ ಮನೆ, ಎಷ್ಟು ಒಳ್ಳೆಯ ಹಸಿವು... ಅವನ್ನೆಲ್ಲ ಯಾವ ತಾಯಿ ಬಂದು ವಾಪಸು ಬಡಿಸಬಲ್ಲಳು?

ಈಗಷ್ಟೇ ನಿಮ್ಮಪ್ಪನಿಗೆ ಹೇಳಿದೆ. ನನಗೆ ಯಾಕೆ ಹೇಳ್ತೀಯ, ಮಗುಗೆ ಹೇಳು ಎಂದು ಒಳಗೆ ಹೋದರು. ನಾಳೆ ಮೆಟ್ರೋ ಹತ್ತಿ ಕೆ.ಆರ್. ಪುರಕ್ಕೆ ಬರುತ್ತೇನೆ. ಈಗ ಮನಸ್ಸಿನಲ್ಲೇ ನಿನಗೆ ಹೇಳಿಕೊಂಡ ಇದನ್ನೆಲ್ಲ ಬಾಗಿಲಲ್ಲೇ ನಿಂತು ಹೇಳುತ್ತೇನೆ — ಒಳಗೆ ಬಂದು ಕೂತರೆ ಕಾಫಿ, ಸೆಕೆ, ಸ್ಮಿತಾಳ ಹೆರಿಗೆ ಎಂದು ಮಾತು ತಪ್ಪಿಸುತ್ತೇನೆ, ನನ್ನನ್ನು ನಾನು ಬಲ್ಲೆ. ನಿನ್ನ ಡಾಕ್ಟರಿಗೂ ಹೇಳುತ್ತೇನೆ, ನೀನು ಕರೆದುಕೊಂಡು ಹೋಗುವುದಾದರೆ. ಬಾಗಿಲು ಹಾಕಿಕೊಂಡರೆ ಹಿಂದಿರುಗುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಅದನ್ನು ಕೇಳಿದರೆ ಮತ್ತೆ ನಿನ್ನಿಂದಲೇ ಏನನ್ನೋ ತೆಗೆದುಕೊಂಡ ಹಾಗಾಗುತ್ತದೆ.

ಒಂದನ್ನು ಮಾತ್ರ ಬಾಗಿಲು ಹಾಕುವ ಮೊದಲು ಕೇಳಿಸಿಕೋ. ನಿನ್ನ ಮೈ ಯಾವತ್ತೂ ಬೇರೆ ಥರದ್ದಾಗಿರಲಿಲ್ಲ, ಪುಟ್ಟಿ. ಎಲ್ಲರ ಮೈಯ ಹಾಗೆ ಅದೂ ಹಸಿದಿತ್ತು, ಸಿಕ್ಕಿದ್ದನ್ನು ತೆಗೆದುಕೊಂಡು ಚೇತರಿಸಿಕೊಳ್ಳಲು ನೋಡುತ್ತಿತ್ತು. ಅದು ನಿನಗೆ ಸುಳ್ಳು ಹೇಳಲಿಲ್ಲ. ನಾನು ಹೇಳಿದೆ.